ಅರವತ್ಮೂರಕ್ಕ ನಿಂತದ್ದು

ಹಾರ್ಡ್ ಡಿಸ್ಕ್ ತುಂಬ್ಯಾದ ಅಂತ ಕೆಂಪು ಗೆರಿ.
ದಾಲ್ ಮಿಲ್ಲಿನ ಬಿಲ್ಲು ಇಡ್ಲಿಕ್ಕ ಜಾಗಾ ಬೇಕಂತಾಳ ಸುಗಲಾ:
"ನಿಮ್ಮ ಆ ಆಟಾ ಎಲ್ಲಾ ತಗದು ಒಗೀರಿ,
ಇಲ್ಲಾ ಸಣ್ಣದು ಮಾಡ್ರಿ."
ಸಣ್ಣದು ಮಾಡ್ಲತ್ತೀನಿ.

ರಾತ್ರಿ ಹತ್ತೂವರಿ. ವಾಡಿ ಜಂಕ್ಷನ್ನಿನ್ಯಾಗ
ಸಿಮೆಂಟಿನ ಗೂಡ್ಸ್ ಸಿಗ್ನಲ್ಲಿಗೆ ಕಾಯ್ಲತ್ತದ.
ಕಿಟಕಿ ಕಟ್ಟಿ ಮ್ಯಾಲ ಒರಸಿದಷ್ಟೂ ಬೂದಿ ಧೂಳು.
ಅಂಬಾರಾಯ ಕಾಕಾನ ಅಂಗಡಿ ಡಿಸ್ಕು
ನಲವತ್ತೊಂದು, ಬಿಸ್ಕೀಟಿನ ಡಬ್ಬಿದಾಗ.
ಒಂದೊಂದೇ ಅಂಗಾತ ಮಲಗಿಸಿ ಓದಿಸ್ತೀನಿ.

ನಾಕು ಜಿಬಿ ಒಳಗ ಹೋಗಿ
ಒಂದು ಜಿಬಿ ಆಗಿ ಹೊರಗ ಬರ್ತದ.
ಸುಗಲಾ ನಂಬೂದಿಲ್ಲ. "ಉಳದದ್ದು ಎಲ್ಲಿ ಹೋಯ್ತು?
ಬ್ಯಾಳಿ ಒಡದರ ಹೊಟ್ಟು ಹೋಗ್ತದ, ನುಚ್ಚು ಹೋಗ್ತದ,
ಕ್ವಿಂಟಲ್ಲಿಗೆ ಇಷ್ಟು ಅಂತ ನಾನೇ ಬರೀತೀನಿ."
ಇದು ತೊಗರಿ ಒಡದಂಗ ಅಲ್ಲ ಮಾರಾಯ್ತಿ,
ನೀ ಟ್ರಂಕಿನ್ಯಾಗ ಕೌದಿ ತುರುಕ್ತೀಯಲ್ಲ,
ಮ್ಯಾಲ ಮೊಣಕಾಲೂರಿ, ಹಂಗ.
ಬಿಚ್ಚಿದರ ಒಂದು ಹೊಲಗಿನೂ ಕಮ್ಮಿ ಇರೂದಿಲ್ಲ.

"ಹಂಗಾದ್ರ ಮೊದಲ ಯಾಕ ಅಷ್ಟು ದೊಡ್ಡದಿತ್ತು?"

ಸೊನ್ನಿ ಇದ್ದವು.
ಡಿಸ್ಕಿನ ಅಂಚಿಗೆ ಓಟ ಜೋರು, ನಡುವ ನಿಧಾನ.
ಅದಕ್ಕ ಆಟ ಕಟ್ಟಿದವ್ರು
ನಡುವ ಬರೇ ಸೊನ್ನಿ ತುಂಬಿ
ಖರೇ ಮಾಲು ಅಂಚಿಗೆ ನೂಕ್ಯಾರ.
ಈಗ ಈ ಪ್ರೋಗ್ರಾಮು ಸೊನ್ನಿ ಎಣಿಸ್ತದ,
ಇಲ್ಲಿಂದ ಇಲ್ಲಿತನ ಏನೂ ಇಲ್ಲ
ಅಂತ ಒಂದೇ ಸಾಲು ಬರೀತದ,
ಏನೂ ಇಲ್ಲದ್ದನ್ನ ಬಿಡ್ತದ.

ಸುಗಲಾ ಆಕಳಿಸಿ ಮಲಗಿದಳು.
ನಾ ಪರ್ಸೆಂಟ್ ನೋಡ್ಕೋತ ಕುಂತೀನಿ.

ಬ್ಯಾಸಗಿ ಮಧ್ಯಾಹ್ನ
ಕರೆಂಟ್ ಹನ್ನೆರಡಕ್ಕ ಹೋದರ ಮೂರಕ್ಕ.
ಅರ್ಧ ತಾಸಿಗೆ ಐದು ರೂಪಾಯಿ ಕೊಟ್ಟ ಹುಡುಗರು
ಸತ್ತ ಟಿವಿ ಮುಂದ ಕುಂತಾರ, ಯಾರೂ ಮನಿಗೆ ಹೋಗೂದಿಲ್ಲ.
ಕಾಕಾ ನೋಟ್‌ಬುಕ್ಕಿನ್ಯಾಗ ಬರೀತಾನ:
೧೨ ರಿಂದ ೩, ಇಲ್ಲ.
ಅಷ್ಟೇ, ಒಂದೇ ಸಾಲು.

ಆ ಸಾಲಿನೊಳಗ
ಗೇಟ್‌ಮನ್ನನ ಮಗ ಮಶಾಕ
ಕಂಟ್ರೋಲರ್ ಹಿಡದು ಬಾಯಿಲೇ ಗಾಡಿ ಓಡಿಸ್ತಾನ,
ಗೇರ್ ಬದಲಿಸ್ತಾನ, ಉಗುಳು ಹಾರ್ತದ,
"ಎಡಕ್ಕ! ಎಡಕ್ಕ ನೋಡ್ರಲೇ ಪೋಲೀಸ್!"
ಹತ್ತೂ ಮಂದಿ ಎಡಕ್ಕ ವಾಲ್ತಾರ.
ಮೂರನೇ ತಿರುವು ಬಂತಂದ್ರ
ಗಪ್ಪನ ನಿಲ್ತಾನ, ಬಾಯಿ ತೆರದಂಗೇ,
ಕಣ್ಣು ಪಿಳಕಿಸೂದಿಲ್ಲ.
ಯಾಕಂದ್ರ ಖರೇ ಡಿಸ್ಕೂ ಅಲ್ಲೇ ನಿಲ್ತಿತ್ತು.
ಆವಾಗ ಎಲ್ಲಾರೂ ಕೂಡಿ:
"ಪೇಸ್ಟ್ ಹಚ್ಚೋ ಕಾಕಾ!"
(ಮಶಾಕ ಕೊಡಬೇಕಾದ ನಲವತ್ತೈದು ರೂಪಾಯಿನೂ
ಆ ಸಾಲಿನೊಳಗೇ ಎಲ್ಲೋ ಅವ.)

ನಲವತ್ತು ಆದವು.
ಬಿಚ್ಚಿ ತಾಳೆ ನೋಡಿದೆ, ಒಂದು ಚುಕ್ಕಿ ಹೆಚ್ಚಿಲ್ಲ, ಕಮ್ಮಿಲ್ಲ.
ಕಡೀಕ ಉಳದದ್ದು ಗಾಡಿ ಡಿಸ್ಕು,
ಬೆನ್ನ ಮ್ಯಾಲ ಹಲ್ಲಿನ ಪೇಸ್ಟು ಉಜ್ಜಿದ ಮಸಕು ಸುತ್ತು,
ಕಾಕಾನ ಹೆಬ್ಬೆರಳು ಎಲ್ಲೆಲ್ಲಿ ತಿರುಗ್ಯಾದ ಅಲ್ಲೆಲ್ಲ.

ಅರವತ್ಮೂರಕ್ಕ ನಿಂತದ.
ಮೋಟಾರು ಏಳ್ತದ, ಕೂಡ್ತದ, ಮತ್ತ ಏಳ್ತದ.
ಪ್ರೋಗ್ರಾಮು ಕೇಳ್ತದ:
ಓದ್ಲಿಕ್ಕ ಬರಲಾರದ ಜಾಗಾಕ್ಕ ಸೊನ್ನಿ ತುಂಬಲಾ?
ಹೌದು. ಬ್ಯಾಡ.
ಹೊರಗ ಗೂಡ್ಸಿಗೆ ಹಸರು ಸಿಕ್ಕಿತು,
ಡಬ್ಬಿಯಿಂದ ಡಬ್ಬಿಗೆ ಜಗ್ಗಿದ ಸಪ್ಪಳ
ಉದ್ದಕ ಊರು ದಾಟಿತು.
ಬ್ಯಾಡ ಒತ್ತಿದೆ.

ಮುಂಜಾನಿ ಸುಗಲಾ
ಓದಿ ಮುಗದ ಡಿಸ್ಕು ದಾರಕ್ಕ ಪೋಣಿಸಿ
ಮಾಳಗಿ ಮ್ಯಾಲ ಕಟ್ಟಿದಳು,
ಸಂಡಿಗಿಗೆ ಗುಬ್ಬಿ ಬಾಯಿ ಹಾಕಬಾರದಂತ.
ಕಟ್ಟಿ, ಎಣಿಸಿ, ಮ್ಯಾಲಿಂದೇ ಕೇಳಿದಳು:
"ಒಂದು ಕಮ್ಮಿ ಅದಲ್ಲ?"
ನಾ ಮಾತಾಡಲಿಲ್ಲ, ಬಾಯಿ ತುಂಬ ನೊರಿ.
ಪೇಸ್ಟಿನ ಟ್ಯೂಬು ಇನ್ನಾ ಕೈಯಾಗೇ ಇತ್ತು.